ಜನರಲ್ ಕೆ. ಎಸ್. ತಿಮ್ಮಯ್ಯ

ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ (31 ಮಾರ್ಚ್ 1906 – 18 ಡಿಸೆಂಬರ್ 1965) ಅವರು ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದ ಕನ್ನಡನಾಡಿನ ಸೇನಾನಿ. ಎರಡನೆಯ ಮಹಾಯುದ್ಧದ ಬರ್ಮಾ ರಣರಂಗದಲ್ಲಿ ಮೊದಲು ಬೆಟಾಲಿಯನ್ ಒಂದಕ್ಕೆ, ಬಳಿಕ ಪದಾತಿ ಬ್ರಿಗೇಡ್ ಒಂದಕ್ಕೆ ನಾಯಕರಾಗಿದ್ದರು. ಆ ಮಹಾಯುದ್ಧದಲ್ಲಿ ಯುದ್ಧಭೂಮಿಯಲ್ಲಿ ಬ್ರಿಗೇಡನ್ನು ಮುನ್ನಡೆಸಿದ ಏಕೈಕ ಭಾರತೀಯ ಅಧಿಕಾರಿ ಎಂದು ಅವರನ್ನು ಗುರುತಿಸಲಾಗುತ್ತದೆ. 1948ರ ಕಾಶ್ಮೀರ ಯುದ್ಧದಲ್ಲಿ ಜೋಜಿಲಾ ಕಣಿವೆಯನ್ನು ಮರಳಿ ಗೆದ್ದುದು, 1953–54ರಲ್ಲಿ ಕೊರಿಯಾದ ಯುದ್ಧಕೈದಿಗಳ ಸಮಸ್ಯೆಯನ್ನು ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ನಿರ್ವಹಿಸಿದುದು ಹಾಗೂ 1959ರಲ್ಲಿ ರಾಜೀನಾಮೆ ನೀಡಿ ಹಿಂದಕ್ಕೆ ಪಡೆದುದು ಅವರ ಸೇವಾಜೀವನದ ಬಹುಚರ್ಚಿತ ಪ್ರಸಂಗಗಳು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗಲೇ ಅವರು ನಿಧನರಾದರು. ಸೇನಾವಲಯದಲ್ಲಿ ಅವರನ್ನು ಪ್ರೀತಿಯಿಂದ 'ಟಿಮ್ಮಿ' ಎಂದು ಕರೆಯುತ್ತಿದ್ದರು.

ಬಾಲ್ಯ ಮತ್ತು ಶಿಕ್ಷಣ

ತಿಮ್ಮಯ್ಯನವರು ಕೊಡಗಿನ ಮಡಿಕೇರಿಯಲ್ಲಿ ಕಾಫಿ ಬೆಳೆಗಾರರ ಮನೆತನದಲ್ಲಿ ಜನಿಸಿದರು. ಸ್ವತಂತ್ರ ಭಾರತದ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರೂ ಇದೇ ಕೊಡಂದೇರ ಒಕ್ಕಕ್ಕೆ ಸೇರಿದವರು. ಒಂದು ಸಣ್ಣ ಜಿಲ್ಲೆಯ ಒಂದೇ ಒಕ್ಕದಿಂದ ಭೂಸೇನೆಯ ಇಬ್ಬರು ಮುಖ್ಯಸ್ಥರು ಬಂದುದು ಅಪರೂಪದ ಸಂಗತಿ. ತಿಮ್ಮಯ್ಯನವರ ಇಬ್ಬರು ಸಹೋದರರೂ ಸೇನಾಧಿಕಾರಿಗಳಾದರು.

ಎಳವೆಯಲ್ಲಿಯೇ ಅವರನ್ನು ಕೂನೂರಿನ ಸೇಂಟ್ ಜೋಸೆಫ್ ಶಾಲೆಗೆ ಕಳುಹಿಸಲಾಯಿತು. ಬಳಿಕ ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಓದಿದರು. 1922ರಲ್ಲಿ ಡೆಹ್ರಾಡೂನಿನಲ್ಲಿ ಆರಂಭವಾದ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜಿನ ಆರಂಭದ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿಗೆ ಆಯ್ಕೆಯಾಗಿ 1926ರ ಫೆಬ್ರವರಿಯಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆಗಿ ನಿಯುಕ್ತರಾದರು.

ಭಾರತೀಕರಣದ ಕಾಲದ ಅಧಿಕಾರಿ

ತಿಮ್ಮಯ್ಯನವರು ಸೇನೆಗೆ ಸೇರಿದ ಕಾಲದ ಪರಿಸ್ಥಿತಿಯನ್ನು ತಿಳಿಯದೆ ಅವರ ಮುಂದಿನ ಸೇವೆಯ ಮಹತ್ವವನ್ನು ಗ್ರಹಿಸುವುದು ಕಷ್ಟ. ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಭಾರತೀಯ ಸೈನಿಕರು ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಹೋರಾಡಿದ್ದರೂ, ರಾಜನ ಕಮಿಷನ್ ಪಡೆದ ಅಧಿಕಾರಿಗಳ ಸ್ಥಾನಗಳು ಬಹುತೇಕ ಬ್ರಿಟಿಷರಿಗೇ ಮೀಸಲಾಗಿದ್ದವು. ರಾಷ್ಟ್ರೀಯ ನಾಯಕರ ಒತ್ತಾಯದ ಮೇರೆಗೆ ಸ್ಯಾಂಡ್‌ಹರ್ಸ್ಟ್‌ನಲ್ಲಿ ಭಾರತೀಯರಿಗೆ ವರ್ಷಕ್ಕೆ ಹತ್ತು ಸ್ಥಾನಗಳನ್ನು ನೀಡಲಾಯಿತು. 1923ರಲ್ಲಿ ಎಂಟು ಘಟಕಗಳನ್ನು ಮಾತ್ರ ಆರಿಸಿ ಭಾರತೀಯ ಅಧಿಕಾರಿಗಳನ್ನು ಅವುಗಳಿಗೇ ನಿಯೋಜಿಸುವ ಯೋಜನೆ ಬಂದಿತು. ಇದಕ್ಕೆ 'ಭಾರತೀಕರಣ' ಎಂಬ ಹೆಸರಿದ್ದರೂ, ಬ್ರಿಟಿಷ್ ಅಧಿಕಾರಿಯೊಬ್ಬನು ಭಾರತೀಯನ ಕೈಕೆಳಗೆ ಕೆಲಸ ಮಾಡುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದೇ ಅದರ ಒಳಗಿನ ಉದ್ದೇಶವಾಗಿತ್ತು.

ಅಂದಿನ ಪದ್ಧತಿಯಂತೆ ಮೊದಲು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂಬ ಬ್ರಿಟಿಷ್ ದಳದಲ್ಲಿ ಇದ್ದು, 1927ರಲ್ಲಿ ತಿಮ್ಮಯ್ಯನವರು ಈ ಎಂಟು ಘಟಕಗಳಲ್ಲಿ ಒಂದಾದ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ನಿಗೆ ಸೇರಿದರು. (ಈ ರೆಜಿಮೆಂಟ್ ಇಂದು ಕುಮಾಂವ್ ರೆಜಿಮೆಂಟ್ ಎಂದು ಹೆಸರಾಗಿದೆ.) 1930ರ ಸುಮಾರಿಗೆ ಬೆಟಾಲಿಯನ್ ಅಲಹಾಬಾದಿನಲ್ಲಿದ್ದಾಗ ಅವರಿಗೆ ನೆಹರೂ ಕುಟುಂಬದ ಪರಿಚಯವಾಯಿತು. ಅಸಹಕಾರ, ಕಾನೂನುಭಂಗ ಚಳವಳಿಗಳ ಆ ದಿನಗಳಲ್ಲಿ ಬ್ರಿಟಿಷರ ಸಮವಸ್ತ್ರ ತೊಟ್ಟಿದ್ದ ಭಾರತೀಯ ತರುಣರಿಗೆ ಸೇನೆಯಲ್ಲಿ ಉಳಿಯಬೇಕೋ ಬಿಡಬೇಕೋ ಎಂಬ ತೊಳಲಾಟವಿತ್ತು. ಸ್ವಾತಂತ್ರ್ಯ ಬಂದೇ ಬರುತ್ತದೆ, ಆಗ ದೇಶಕ್ಕೆ ತರಬೇತಿ ಪಡೆದ ಅಧಿಕಾರಿಗಳು ಬೇಕಾಗುತ್ತಾರೆ, ಆದ್ದರಿಂದ ಸೇನೆಯನ್ನು ಬಿಡಬಾರದು ಎಂದು ಮೋತಿಲಾಲ್ ನೆಹರೂ ಅವರು ಬುದ್ಧಿ ಹೇಳಿದರೆಂದು ತಿಮ್ಮಯ್ಯನವರ ಜೀವನವೃತ್ತಾಂತಗಳಲ್ಲಿ ಬರುತ್ತದೆ. ಮುಂದೆ ಅದೇ ಮೋತಿಲಾಲರ ಮಗನೇ ಅವರ ರಾಜೀನಾಮೆಯನ್ನು ಹಿಂದಕ್ಕೆ ಪಡೆಯುವಂತೆ ಒಲಿಸಬೇಕಾಗಿ ಬಂದಿತು.

1935ರ ಜನವರಿಯಲ್ಲಿ ನೀನಾ ಕಾರ್ಯಪ್ಪ ಅವರೊಡನೆ ವಿವಾಹವಾಯಿತು. ಅದೇ ವರ್ಷ ಮೇ 31ರಂದು ಕ್ವೆಟ್ಟಾದಲ್ಲಿ ಸಂಭವಿಸಿದ ಭೀಕರ ಭೂಕಂಪದಲ್ಲಿ ಹತ್ತಾರು ಸಾವಿರ ಜನ ಸತ್ತರು. ಅಲ್ಲಿದ್ದ ಈ ನವದಂಪತಿಗಳು ಪರಿಹಾರಕಾರ್ಯದಲ್ಲಿ ತೊಡಗಿದರು. ಆ ಸೇವೆಗಾಗಿ ನೀನಾ ಅವರಿಗೆ ಕೈಸರ್-ಇ-ಹಿಂದ್ ಪದಕ ದೊರೆಯಿತು. ಬಳಿಕ ಕೆಲಕಾಲ ತಿಮ್ಮಯ್ಯನವರು ಮದರಾಸಿನಲ್ಲಿ ವಿಶ್ವವಿದ್ಯಾನಿಲಯದ ಸೇನಾ ತರಬೇತಿ ದಳದಲ್ಲಿ ಕೆಲಸ ಮಾಡಿದರು.

ಎರಡನೆಯ ಮಹಾಯುದ್ಧ

ಮಹಾಯುದ್ಧ ಆರಂಭವಾಗುವ ವೇಳೆಗೆ ಅವರ ಬೆಟಾಲಿಯನ್ ಸಿಂಗಪುರದಲ್ಲಿತ್ತು. ಜಪಾನ್ ಆಕ್ರಮಣಕ್ಕೆ ಮುನ್ನ ಅವರಿಗೆ ಭಾರತಕ್ಕೆ ವರ್ಗವಾಯಿತು. ಅವರು ಬಿಟ್ಟುಬಂದ 4ನೇ ಬೆಟಾಲಿಯನ್ 1942ರ ಜನವರಿಯಲ್ಲಿ ಮಲಯಾದ ಸ್ಲಿಮ್ ನದಿಯ ಕಾಳಗದಲ್ಲಿ ಜಪಾನೀ ಟ್ಯಾಂಕುಗಳಿಗೆ ಸಿಕ್ಕಿ ಛಿದ್ರವಾಯಿತು. ಫೆಬ್ರವರಿ 15ರಂದು ಸಿಂಗಪುರವೇ ಶರಣಾಯಿತು. ಸೆರೆಸಿಕ್ಕವರಲ್ಲಿ ತಿಮ್ಮಯ್ಯನವರ ಅಣ್ಣನೂ ಒಬ್ಬರು. ಅವರು ಮುಂದೆ ಆಜಾದ್ ಹಿಂದ್ ಫೌಜಿಗೆ ಸೇರಿದರು. ಒಂದೇ ಮನೆಯ ಅಣ್ಣ ಜಪಾನಿನ ಕಡೆಯ ಭಾರತೀಯ ಸೇನೆಯಲ್ಲಿಯೂ ತಮ್ಮ ಬ್ರಿಟಿಷರ ಕಡೆಯ ಭಾರತೀಯ ಸೇನೆಯಲ್ಲಿಯೂ ಇದ್ದಂತಾಯಿತು. ಇಬ್ಬರೂ ದೇಶದ ಬಿಡುಗಡೆಯನ್ನೇ ಬಯಸುತ್ತಿದ್ದವರು.

ಕ್ವೆಟ್ಟಾದ ಸ್ಟಾಫ್ ಕಾಲೇಜಿನಲ್ಲಿ ಉನ್ನತ ತರಬೇತಿ ಪಡೆದ ತಿಮ್ಮಯ್ಯನವರನ್ನು 25ನೇ ಭಾರತೀಯ ಡಿವಿಜನ್ನಿನ ಕಾರ್ಯಾಚರಣೆ ವಿಭಾಗಕ್ಕೆ ನೇಮಿಸಲಾಯಿತು. ಕಾಡಿನ ಯುದ್ಧಕ್ಕೆಂದೇ ಸಿದ್ಧವಾದ ಈ ಡಿವಿಜನ್ ಬರ್ಮಾದ ಅರಾಕಾನ್ ಕರಾವಳಿಗೆ ಹೋಯಿತು. 1944ರಲ್ಲಿ ಅವರು ತಮ್ಮದೇ ರೆಜಿಮೆಂಟಿನ 8ನೇ ಬೆಟಾಲಿಯನ್ನಿನ ನಾಯಕತ್ವ ವಹಿಸಿದರು.

ಈ ಬೆಟಾಲಿಯನ್ ಇದ್ದ 51ನೇ ಬ್ರಿಗೇಡನ್ನು ಸೇನಾ ಇತಿಹಾಸದಲ್ಲಿ 'ಅಖಿಲ ಭಾರತೀಯ ಬ್ರಿಗೇಡ್' ಎಂದು ಕರೆಯುವುದುಂಟು. ಬ್ರಿಗೇಡಿನ ನಾಯಕ ಬ್ರಿಟಿಷನಾಗಿದ್ದರೂ ಮೂರೂ ಬೆಟಾಲಿಯನ್ನುಗಳ ನಾಯಕರು ಭಾರತೀಯರೇ ಆಗಿದ್ದರು: 8/19 ಹೈದರಾಬಾದಿಗೆ ತಿಮ್ಮಯ್ಯ, 2/2 ಪಂಜಾಬಿಗೆ ಎಸ್. ಪಿ. ಪಿ. ಥೋರಾಟ್, 16/10 ಬಲೂಚಿಗೆ ಎಲ್. ಪಿ. ಸೇನ್. 1945ರ ಜನವರಿ–ಫೆಬ್ರವರಿಯಲ್ಲಿ ಕಾಂಗಾ ಎಂಬಲ್ಲಿ ಈ ಬ್ರಿಗೇಡಿಗೆ ಕಠಿಣ ಪರೀಕ್ಷೆ ಎದುರಾಯಿತು. ಅರಾಕಾನಿನಿಂದ ಹಿಮ್ಮೆಟ್ಟುತ್ತಿದ್ದ ಜಪಾನೀ ಪಡೆಗಳಿಗೆ ಉಳಿದಿದ್ದ ಮುಖ್ಯ ದಾರಿ ಕಾಂಗಾ ಮೂಲಕ ಹೋಗುತ್ತಿತ್ತು. ಆ ದಾರಿಯನ್ನು ಕತ್ತರಿಸಬೇಕಾದರೆ ಕಾಂಡ್ಲಾ ಪೊದೆಗಳಿಂದ ತುಂಬಿದ, ಭರತ ಇಳಿತಗಳಿಗೆ ಒಳಪಟ್ಟ ಕೆಸರು ಹಳ್ಳಗಳಲ್ಲಿ ದೋಣಿಗಳಿಂದ ಇಳಿದು ಮುಂದುವರಿಯಬೇಕಿತ್ತು. ಮೊದಲು ಇಳಿದ ಬ್ರಿಟಿಷ್ ಕಮಾಂಡೋ ಪಡೆ '170ನೇ ಗುಡ್ಡ'ವನ್ನು ಹಿಡಿದು ನಿಂತಿತು. ಅದನ್ನು ಕಿತ್ತುಕೊಳ್ಳಲು ಜಪಾನೀಯರು ಮತ್ತೆ ಮತ್ತೆ ಏರಿಬಂದರು. ಆ ಬಳಿಕ ಕಾಂಗಾ ಹಳ್ಳಿಯನ್ನೂ ಸುತ್ತಲಿನ ಎತ್ತರಗಳನ್ನೂ ವಶಪಡಿಸಿಕೊಳ್ಳುವ ಹೊಣೆ 51ನೇ ಬ್ರಿಗೇಡಿನ ಮೇಲೆ ಬಿದ್ದಿತು. ಅಡಗುಗುಂಡಿಗಳಲ್ಲಿ ಬೇರುಬಿಟ್ಟಿದ್ದ ಶತ್ರುವನ್ನು ಒಂದೊಂದೇ ದಿಬ್ಬದಿಂದ ಕಿತ್ತೊಗೆಯಬೇಕಾದ ಈ ಕಾಳಗದಲ್ಲಿ ಎರಡೂ ಕಡೆ ಅಪಾರ ಸಾವುನೋವುಗಳಾದವು. ಮೂವರು ಭಾರತೀಯ ನಾಯಕರಿಗೂ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಆರ್ಡರ್ ಗೌರವ ದೊರೆಯಿತು.

ಭಾರತೀಯರು ಯುದ್ಧದಲ್ಲಿ ದೊಡ್ಡ ಪಡೆಗಳನ್ನು ನಡೆಸಲಾರರು ಎಂಬ ವಾದವನ್ನೇ ಆಧಾರವಾಗಿಟ್ಟು ಎರಡು ದಶಕಗಳ ಕಾಲ ಭಾರತೀಕರಣವನ್ನು ನಿಧಾನಗೊಳಿಸಲಾಗಿತ್ತು. ಕಾಂಗಾದ ಬಳಿಕ ಆ ವಾದಕ್ಕೆ ನೆಲೆಯಿಲ್ಲದಾಯಿತು. 1945ರ ಏಪ್ರಿಲಿನಲ್ಲಿ ತಿಮ್ಮಯ್ಯನವರು 26ನೇ ಡಿವಿಜನ್ನಿಗೆ ಸೇರಿದ 36ನೇ ಬ್ರಿಗೇಡಿನ ನಾಯಕರಾದರು. ಸೆಪ್ಟೆಂಬರ್ 12ರಂದು ಸಿಂಗಪುರದ ಪುರಸಭಾ ಭವನದಲ್ಲಿ ಜಪಾನಿನ ದಕ್ಷಿಣ ಸೇನೆ ಮೌಂಟ್‌ಬ್ಯಾಟನ್ನರಿಗೆ ಶರಣಾದಾಗ ಭಾರತದ ಪ್ರತಿನಿಧಿಯಾಗಿ ಅಲ್ಲಿ ಉಪಸ್ಥಿತರಿದ್ದವರು ಅವರೇ. 1946ರಲ್ಲಿ 268ನೇ ಬ್ರಿಗೇಡಿನ ನಾಯಕರಾಗಿ, ಸೋತ ಜಪಾನಿನಲ್ಲಿ ನೆಲೆಯೂರಿದ ಕಾಮನ್‌ವೆಲ್ತ್ ಪಡೆಯ ಭಾರತೀಯ ಭಾಗದೊಡನೆ ಮಾತ್ಸುಯೆ ಪ್ರದೇಶದಲ್ಲಿದ್ದರು.

ದೇಶವಿಭಜನೆ ಮತ್ತು ಕಾಶ್ಮೀರ

1947ರಲ್ಲಿ ಸ್ವದೇಶಕ್ಕೆ ಮರಳಿದ ಅವರಿಗೆ ಮೇಜರ್ ಜನರಲ್ ಆಗಿ ಬಡ್ತಿ ದೊರೆಯಿತು. ಪಂಜಾಬ್ ಗಡಿಪಡೆ ಸೆಪ್ಟೆಂಬರ್ ಆರಂಭದಲ್ಲಿ ವಿಸರ್ಜನೆಗೊಂಡಾಗ ಪೂರ್ವ ಪಂಜಾಬಿನ ಹೊಣೆ 4ನೇ ಡಿವಿಜನ್ನಿನೊಡನೆ ಅವರಿಗೆ ಬಂದಿತು. ಎರಡೂ ದಿಕ್ಕಿನಿಂದ ಸಾಗುತ್ತಿದ್ದ ನಿರಾಶ್ರಿತರ ಸಾಲುಗಳಿಗೆ ರಕ್ಷಣೆ ಕೊಡುವುದೇ ಅವರ ಪಡೆಯ ಮುಖ್ಯ ಕೆಲಸವಾಗಿತ್ತು.

1948ರ ಮೇ ತಿಂಗಳಲ್ಲಿ ಕಾಶ್ಮೀರ ಕಣಿವೆಯ ಸೇನಾ ವಿಭಾಗದ (ಮುಂದೆ 19ನೇ ಡಿವಿಜನ್) ನಾಯಕತ್ವ ವಹಿಸಿಕೊಂಡರು. ಆಗ ಲಡಾಖಿನ ಸ್ಥಿತಿ ಶೋಚನೀಯವಾಗಿತ್ತು. ಸ್ಕರ್ದು ಕೋಟೆ ಮುತ್ತಿಗೆಗೆ ಒಳಗಾಗಿತ್ತು. ಕಾರ್ಗಿಲ್ ಮತ್ತು ದ್ರಾಸ್ ದಾಳಿಕಾರರ ವಶವಾದವು. ಲೇಹ್ ಪಟ್ಟಣವನ್ನು ಬೆರಳೆಣಿಕೆಯ ಸೈನಿಕರು ಕಾಯುತ್ತಿದ್ದರು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಲೇಹ್‌ನ ಕಚ್ಚಾ ಓಡುಪಟ್ಟಿಯ ಮೇಲೆ ಡಕೋಟಾ ವಿಮಾನವನ್ನು ಮೊಟ್ಟಮೊದಲ ಬಾರಿಗೆ ಇಳಿಸಿದರು. ಆ ವಿಮಾನದಲ್ಲಿ ಅವರೊಡನೆ ತಿಮ್ಮಯ್ಯನವರೂ ಇದ್ದರು. ಇಳಿಯಬಹುದೆಂಬ ಖಾತರಿಯಿಲ್ಲದ ಕಡೆಗೆ ವಿಭಾಗದ ನಾಯಕನೇ ಮೊದಲು ಹೋದದ್ದು ಅವರ ಸ್ವಭಾವಕ್ಕೆ ತಕ್ಕದ್ದೇ ಆಗಿತ್ತು.

ಲೇಹ್‌ಗೆ ಭೂಮಾರ್ಗವನ್ನು ತೆರೆಯಬೇಕಾದರೆ ಸುಮಾರು 3,500 ಮೀಟರ್ ಎತ್ತರದ ಜೋಜಿಲಾ ಕಣಿವೆದಾರಿಯನ್ನು ಗೆಲ್ಲಬೇಕಿತ್ತು. ದಾಳಿಕಾರರು ಎರಡೂ ಬದಿಯ ಬಂಡೆಗಳ ಗವಿಗಳಲ್ಲಿ ಯಂತ್ರಬಂದೂಕುಗಳನ್ನು ಹೂಡಿ ಕುಳಿತಿದ್ದರು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನಡೆಸಿದ ದಾಳಿ ವಿಫಲವಾಯಿತು. ಚಳಿಗಾಲ ಬಂದು ಹಿಮ ದಾರಿಯನ್ನು ಮುಚ್ಚಿದರೆ ಮುಂದಿನ ಬೇಸಿಗೆಯವರೆಗೆ ಏನನ್ನೂ ಮಾಡುವಂತಿರಲಿಲ್ಲ. ಆಗ ಟ್ಯಾಂಕುಗಳನ್ನೇ ಮೇಲಕ್ಕೆ ಒಯ್ಯುವ ನಿರ್ಧಾರಕ್ಕೆ ಬರಲಾಯಿತು. ಅದಕ್ಕೆ ಆರಿಸಿಕೊಂಡದ್ದು 7ನೇ ಲಘು ಅಶ್ವದಳದ ಸ್ಟುವರ್ಟ್ ಟ್ಯಾಂಕುಗಳನ್ನು. (ಈ ಅಶ್ವದಳವೂ 1923ರ ಎಂಟು ಘಟಕಗಳಲ್ಲಿ ಒಂದು.) ದಾರಿಯ ಸೇತುವೆಗಳು ಭಾರ ತಾಳವೆಂದು ಗೋಪುರಗಳನ್ನು ಕಳಚಿ ಬೇರೆಯಾಗಿ ಸಾಗಿಸಲಾಯಿತು. ಗುಟ್ಟು ಹೊರಬೀಳದಂತೆ ರಾತ್ರಿಯ ವೇಳೆ, ಸಂಚಾರ ನಿಷೇಧದ ನಡುವೆ ಅವನ್ನು ಶ್ರೀನಗರ ದಾಟಿಸಲಾಯಿತು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದುದು ಹೇಸರಗತ್ತೆಗಳು ನಡೆಯುವ ಹಾದಿ ಮಾತ್ರ. ಅದನ್ನು ವಾಹನ ಹೋಗುವಂತೆ ಅಗಲಿಸಿದವರು ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವುಳ್ಳ ಮದ್ರಾಸ್ ಸ್ಯಾಪರ್ಸ್ ಪಡೆಯ ಯೋಧರು. ಜೋಜಿಲಾ ವಿಜಯದ ವರ್ಣನೆಗಳಲ್ಲಿ ಟ್ಯಾಂಕುಗಳಿಗೆ ಸಿಕ್ಕಷ್ಟು ಸ್ಥಾನ ಈ ರಸ್ತೆ ಕಡಿದವರಿಗೆ ಸಿಕ್ಕಿಲ್ಲ.

ಹಿಮಪಾತದಿಂದ ಕೆಲದಿನ ಮುಂದಕ್ಕೆ ಹೋದ ದಾಳಿ ನವೆಂಬರ್ 1ರ ಮಧ್ಯಾಹ್ನ ನಡೆಯಿತು. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಟ್ಯಾಂಕುಗಳು ಹಿಮದ ನಡುವೆ ಏರಿಬಂದು ಗವಿಗಳ ಬಾಯಿಗೆ ನೇರವಾಗಿ ಗುಂಡು ಹಾರಿಸಿದವು. ಹಿಂದೆಯೇ 77ನೇ ಬ್ರಿಗೇಡಿನ ಪದಾತಿಗಳು ನುಗ್ಗಿದರು. ತಿಮ್ಮಯ್ಯನವರೂ ಮುಂಚೂಣಿಯಲ್ಲಿದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳನ್ನು ಎದುರುನೋಡದೆ ಇದ್ದ ದಾಳಿಕಾರರು ಕಣಿವೆಯನ್ನು ಬಿಟ್ಟು ಓಡಿದರು. ನವೆಂಬರ್ ಮಧ್ಯದಲ್ಲಿ ದ್ರಾಸ್, ಆ ತಿಂಗಳು ಮುಗಿಯುವ ಮುನ್ನ ಕಾರ್ಗಿಲ್ ಕೈವಶವಾದವು. ಲೇಹ್ ಉಳಿಯಿತು. 1949ರ ಜನವರಿ 1ರಂದು ಕದನವಿರಾಮ ಜಾರಿಗೆ ಬಂದಿತು.

ಬಳಿಕ ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯ ಮುಖ್ಯಸ್ಥರಾಗಿಯೂ ಸೇನಾ ಕೇಂದ್ರ ಕಚೇರಿಯಲ್ಲಿ ಕ್ವಾರ್ಟರ್ ಮಾಸ್ಟರ್ ಜನರಲ್ ಆಗಿಯೂ ಸೇವೆ ಸಲ್ಲಿಸಿ, 1953ರಲ್ಲಿ ಲೆಫ್ಟಿನೆಂಟ್ ಜನರಲ್ ಹುದ್ದೆಗೇರಿದರು.

ಕೊರಿಯಾ: ತಟಸ್ಥ ರಾಷ್ಟ್ರಗಳ ಆಯೋಗ

ಕೊರಿಯಾ ಯುದ್ಧದ ಸಂಧಾನ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋದದ್ದು ಯುದ್ಧಕೈದಿಗಳ ಪ್ರಶ್ನೆಯಿಂದ. ಯುದ್ಧ ಮುಗಿದೊಡನೆ ಎಲ್ಲ ಕೈದಿಗಳನ್ನೂ ಸ್ವದೇಶಕ್ಕೆ ಕಳುಹಿಸಬೇಕು ಎಂದು ಚೀನಾ ಮತ್ತು ಉತ್ತರ ಕೊರಿಯಾ ಹೇಳಿದವು. ಹೋಗಲೊಲ್ಲದವರನ್ನು ಬಲವಂತವಾಗಿ ಕಳುಹಿಸಲಾಗದು ಎಂದು ಅಮೆರಿಕ ಹಟ ಹಿಡಿಯಿತು. ಈ ಕಗ್ಗಂಟನ್ನು ಬಿಡಿಸಲು ತಟಸ್ಥ ರಾಷ್ಟ್ರಗಳ ಆಯೋಗವನ್ನು ರಚಿಸಬೇಕೆಂಬ ಭಾರತದ ಸೂಚನೆಯನ್ನು 1952ರ ಕೊನೆಯಲ್ಲಿ ವಿಶ್ವಸಂಸ್ಥೆಯಲ್ಲಿ ಮಂಡಿಸಿದವರು ವಿ. ಕೆ. ಕೃಷ್ಣ ಮೆನನ್. ಮುಂದೆ ರಕ್ಷಣಾ ಸಚಿವರಾಗಿ ತಿಮ್ಮಯ್ಯನವರೊಡನೆ ಘರ್ಷಣೆಗಿಳಿದವರೂ ಅವರೇ. 1953ರ ಜುಲೈ 27ರ ಕದನವಿರಾಮದ ಬಳಿಕ ಭಾರತ, ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾಗಳ ಆಯೋಗ ರೂಪುಗೊಂಡಿತು. ತಿಮ್ಮಯ್ಯನವರು ಅದರ ಅಧ್ಯಕ್ಷರಾದರು. ಕೈದಿಗಳನ್ನು ಕಾಯುವ ಭಾರತೀಯ ಪಡೆಗೆ ಕಾಂಗಾದ ಹಳೆಯ ಒಡನಾಡಿ ಥೋರಾಟ್ ನಾಯಕರಾದರು.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಬಾರದೆಂದು ಪಟ್ಟು ಹಿಡಿದುದರಿಂದ ಅವರನ್ನು ಇಂಚೋನ್ ಬಂದರಿನಿಂದ ಹೆಲಿಕಾಪ್ಟರುಗಳಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಶಿಬಿರಕ್ಕೆ 'ಹಿಂದ್ ನಗರ' ಎಂದು ಹೆಸರಾಯಿತು. ವಿಶ್ವಸಂಸ್ಥೆಯ ಕಡೆಯಿಂದ 22,604 ಮಂದಿ ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳನ್ನೂ ಎದುರು ಪಕ್ಷದಿಂದ 359 ಮಂದಿಯನ್ನೂ ಭಾರತೀಯರ ವಶಕ್ಕೆ ಒಪ್ಪಿಸಲಾಯಿತು. ಶಿಬಿರಗಳ ಒಳಗೆ ಕೈದಿಗಳ ಬಿಗಿಯಾದ ಸಂಘಟನೆಗಳಿದ್ದವು. ಊರಿಗೆ ಮರಳುತ್ತೇನೆ ಎಂದವನಿಗೆ ಅಲ್ಲಿ ಪ್ರಾಣಭಯವಿತ್ತು. ಒಮ್ಮೆ ಚೀನೀ ಕೈದಿಗಳು ಭಾರತೀಯ ಮೇಜರ್ ಒಬ್ಬರನ್ನು ಒಳಗೆಳೆದುಕೊಂಡಾಗ ಥೋರಾಟ್ ಅವರು ನಿರಾಯುಧರಾಗಿ ಒಳಹೊಕ್ಕು ಮಾತಿನಿಂದಲೇ ಬಿಡಿಸಿ ತಂದರು. ಅಕ್ಟೋಬರ್ ಆರಂಭದಲ್ಲಿ ನಡೆದ ಗಲಭೆಗಳಲ್ಲಿ ಕಾವಲುಗಾರರು ಗುಂಡು ಹಾರಿಸಬೇಕಾಗಿ ಬಂದು ಕೆಲವು ಕೈದಿಗಳು ಸತ್ತರು.

ಪ್ರತಿಯೊಬ್ಬ ಕೈದಿಗೂ ಅವನ ದೇಶದ ಪ್ರತಿನಿಧಿಗಳು ಮರಳಿ ಬರುವ ಬಗೆಗೆ ವಿವರಣೆ ನೀಡಬೇಕೆಂಬುದು ಒಪ್ಪಂದ. ಕೇಳಿದ ಬಳಿಕ ಅವನು ಎರಡು ಬಾಗಿಲುಗಳಲ್ಲಿ ಒಂದನ್ನು ಆರಿಸಿಕೊಂಡು ಹೊರಹೋಗಬೇಕು. ಆದರೆ ಬಹುಪಾಲು ಕೈದಿಗಳು ಡೇರೆಗೆ ಬರಲೇ ಒಪ್ಪಲಿಲ್ಲ. ಬಲಪ್ರಯೋಗಿಸಿ ಕರೆತನ್ನಿ ಎಂದು ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಒತ್ತಾಯಿಸಿದವು. ಬಲ ಪ್ರಯೋಗಿಸಿದರೆ ಆಯೋಗವನ್ನೇ ಬಿಡುವುದಾಗಿ ಸ್ವಿಟ್ಜರ್‌ಲೆಂಡ್ ಎಚ್ಚರಿಸಿತು. ಎರಡೆರಡು ಮತಗಳ ನಡುವೆ ನಿರ್ಣಾಯಕ ಮತ ಭಾರತದ್ದು, ಅಂದರೆ ತಿಮ್ಮಯ್ಯನವರದು. ಅವರು ಬಲಪ್ರಯೋಗಕ್ಕೆ ಸಮ್ಮತಿಸಲಿಲ್ಲ. ಆದರೆ ಅವಧಿ ಮುಗಿದಾಗ ಕೈದಿಗಳನ್ನು ಬಿಡುಗಡೆಯಾದವರೆಂದು ಸಾರಲೂ ಒಪ್ಪಲಿಲ್ಲ. ವಿವರಣೆಯ ಕೆಲಸ ಪೂರ್ಣವಾಗದ ಕಾರಣ ಆ ಅಧಿಕಾರ ಆಯೋಗಕ್ಕಿಲ್ಲವೆಂದು ಹೇಳಿ, 1954ರ ಜನವರಿಯಲ್ಲಿ ಅವರನ್ನು ತಂದೊಪ್ಪಿಸಿದ ಪಕ್ಷಗಳ ವಶಕ್ಕೇ ಹಿಂದಿರುಗಿಸಿದರು. ಈ ತೀರ್ಮಾನ ಎರಡೂ ಬಣಗಳಿಗೆ ರುಚಿಸಲಿಲ್ಲ. ತಟಸ್ಥನ ಪಾಲಿಗೆ ಅದು ಅನಿರೀಕ್ಷಿತವೇನೂ ಅಲ್ಲ.

ಯಾವ ಕಡೆಗೂ ಹೋಗಲೊಲ್ಲದ 88 ಮಂದಿಯನ್ನು ಭಾರತೀಯ ಪಡೆ ತನ್ನೊಡನೆ ಭಾರತಕ್ಕೆ ಕರೆತಂದಿತು. ಅವರಲ್ಲಿ ಹಲವರು ಮುಂದೆ ಬ್ರೆಜಿಲ್ ಮತ್ತು ಅರ್ಜೆಂಟೀನಾಗಳಲ್ಲಿ ನೆಲೆಸಿದರು. ತಿಮ್ಮಯ್ಯನವರಿಗೆ 1954ರಲ್ಲಿ ಪದ್ಮಭೂಷಣ ನೀಡಲಾಯಿತು. ಈ ಅನುಭವವನ್ನು ಕುರಿತು ಅವರು ಬರೆದ ಪುಸ್ತಕ ಅವರ ಮರಣಾನಂತರ, 1981ರಲ್ಲಿ ಪ್ರಕಟವಾಯಿತು.

ಭೂಸೇನೆಯ ಮುಖ್ಯಸ್ಥರಾಗಿ

ದಕ್ಷಿಣ ಮತ್ತು ಪೂರ್ವ ಕಮಾಂಡುಗಳ ಹೊಣೆ ನಿರ್ವಹಿಸಿದ ಬಳಿಕ ತಿಮ್ಮಯ್ಯನವರು 1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಅದೇ ವರ್ಷ ಕೃಷ್ಣ ಮೆನನ್ ರಕ್ಷಣಾ ಸಚಿವರಾದರು. ದೇಶದಲ್ಲಿಯೇ ಶಸ್ತ್ರಾಸ್ತ್ರಗಳನ್ನು ತಯಾರಿಸಬೇಕೆಂಬ ಮೆನನ್ ಅವರ ಧೋರಣೆ ದೂರದೃಷ್ಟಿಯದೇ ಆಗಿದ್ದರೂ, ಹಿರಿಯ ಅಧಿಕಾರಿಗಳ ಬಡ್ತಿಗಳಲ್ಲಿ ಅವರ ಹಸ್ತಕ್ಷೇಪ ಸೇನೆಯಲ್ಲಿ ಅಸಮಾಧಾನ ಹುಟ್ಟಿಸಿತು. ಯುದ್ಧರಂಗದಲ್ಲಿ ಪದಾತಿದಳವನ್ನು ನಡೆಸಿದ ಅನುಭವವಿಲ್ಲದ ಬಿ. ಎಂ. ಕೌಲ್ ಅವರನ್ನು ಲೆಫ್ಟಿನೆಂಟ್ ಜನರಲ್ ಹುದ್ದೆಗೆ ಏರಿಸಿದ್ದು ಮನಸ್ತಾಪವನ್ನು ಹೆಚ್ಚಿಸಿತು.

1959ರ ಆಗಸ್ಟ್ 25ರಂದು ಲೋಂಗ್ಜುವಿನಲ್ಲಿ ಚೀನೀ ಪಡೆಗಳು ಭಾರತೀಯ ಠಾಣೆಯ ಮೇಲೆ ಗುಂಡು ಹಾರಿಸಿದವು. ಅದಾದ ಕೆಲವೇ ದಿನಗಳಲ್ಲಿ, ಆಗಸ್ಟ್ 31ರಂದು, ತಿಮ್ಮಯ್ಯನವರು ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಕರೆಸಿ ಮಾತನಾಡಿ ಹಿಂದಕ್ಕೆ ಪಡೆಯುವಂತೆ ಒಪ್ಪಿಸಿದರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಗಿತ್ತು. ಸೆಪ್ಟೆಂಬರ್ 2ರಂದು ನೆಹರೂ ಲೋಕಸಭೆಯಲ್ಲಿ ಮಾತನಾಡುತ್ತ, ಭಿನ್ನಾಭಿಪ್ರಾಯಗಳು ಕ್ಷುಲ್ಲಕವೆಂಬ ಅರ್ಥ ಬರುವಂತೆ ಹೇಳಿ, ಸೇನಾಮುಖ್ಯಸ್ಥರ ನಡೆಯನ್ನು ಟೀಕಿಸಿದರು. ನಾಗರಿಕ ಸರ್ಕಾರವೇ ಮೇಲು ಎಂಬ ತತ್ತ್ವವನ್ನು ಎತ್ತಿಹಿಡಿಯುವುದು ಪ್ರಧಾನಿಯ ಕರ್ತವ್ಯವೇ ಸರಿ. ಆದರೆ ಒಪ್ಪಿಸಿ ಉಳಿಸಿಕೊಂಡವರನ್ನು ಸಭೆಯಲ್ಲಿ ಹೀಗೆ ತಗ್ಗಿಸಿದ್ದು ನ್ಯಾಯವಾಗಿ ಕಾಣುವುದಿಲ್ಲ. ರಾಜೀನಾಮೆಗೆ ಅಂಟಿಕೊಳ್ಳಬೇಕಿತ್ತು ಎಂದು ತಿಮ್ಮಯ್ಯನವರನ್ನು ಟೀಕಿಸಿದವರೂ ಇದ್ದಾರೆ. ನೆರೆಯ ಪಾಕಿಸ್ತಾನದಲ್ಲಿ ಹಿಂದಿನ ವರ್ಷವಷ್ಟೇ ಸೇನೆ ಅಧಿಕಾರ ಕಸಿದುಕೊಂಡಿದ್ದ ಸಂದರ್ಭವನ್ನು ನೆನೆದರೆ, ಅವರು ಪತ್ರ ಹಿಂಪಡೆದು ಮತ್ತೆ ಮೌನವಾಗಿ ಕೆಲಸಕ್ಕೆ ತೊಡಗಿದ ಅರ್ಥ ಬೇರೆಯಾಗಿಯೇ ತೋರುತ್ತದೆ.

1960ರ ಮಾರ್ಚಿನಲ್ಲಿ ಪೂರ್ವ ಕಮಾಂಡಿನ ನಾಯಕರಾಗಿದ್ದ ಥೋರಾಟ್ ಲಖನೌದಲ್ಲಿ 'ಲಾಲ್ ಕಿಲಾ' ಎಂಬ ಸೇನಾಭ್ಯಾಸ ನಡೆಸಿ, ಚೀನಾ ದಾಳಿ ಮಾಡಿದರೆ ಈಶಾನ್ಯ ಗಡಿಯನ್ನು ಉಳಿಸಿಕೊಳ್ಳಲು ಏನೇನು ಬೇಕೆಂಬುದನ್ನು ತೋರಿಸಿಕೊಟ್ಟರು. ತಮ್ಮ ನಂತರ ಥೋರಾಟ್ ಮುಖ್ಯಸ್ಥರಾಗಬೇಕೆಂಬುದು ತಿಮ್ಮಯ್ಯನವರ ಇಚ್ಛೆಯಾಗಿತ್ತು. ಸರ್ಕಾರ ಪಿ. ಎನ್. ಥಾಪರ್ ಅವರನ್ನು ಆರಿಸಿತು. 1961ರ ಮೇ ತಿಂಗಳಲ್ಲಿ ನಿವೃತ್ತರಾದ ತಿಮ್ಮಯ್ಯನವರು ಕೊಡಗಿಗೆ ಮರಳಿದರು. 1962ರ ಜುಲೈಯಲ್ಲಿ ಪ್ರಕಟವಾದ ಲೇಖನವೊಂದರಲ್ಲಿ, ಭಾರತ ಒಂಟಿಯಾಗಿ ಚೀನಾದೊಡನೆ ಬಹಿರಂಗ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿ ತಾನು ಊಹಿಸಲಾರೆ ಎಂಬ ಅಭಿಪ್ರಾಯ ಕೊಟ್ಟರು. ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು. ನವೆಂಬರಿನಲ್ಲಿ ಮೆನನ್ ಸಂಪುಟದಿಂದ ಹೊರಬಿದ್ದರು. ಆ ತಿಂಗಳು ಮುಗಿಯುವ ಮುನ್ನ ಥಾಪರ್ ಕೂಡ ಹುದ್ದೆಯಿಂದ ನಿರ್ಗಮಿಸಿದರು.

ಸೈಪ್ರಸ್ ಮತ್ತು ನಿಧನ

ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ಕಲಹದಿಂದ ಬೆಂದುಹೋಗಿದ್ದ ಸೈಪ್ರಸ್ ದ್ವೀಪಕ್ಕೆ ವಿಶ್ವಸಂಸ್ಥೆ 1964ರಲ್ಲಿ ಶಾಂತಿಪಾಲನಾ ಪಡೆಯನ್ನು ಕಳುಹಿಸಿತು. ಅದರ ಮೊದಲ ದಂಡನಾಯಕರು ಭಾರತದವರೇ ಆದ ಪಿ. ಎಸ್. ಗ್ಯಾನಿ. ಅವರ ನಂತರ ಜುಲೈ ತಿಂಗಳಲ್ಲಿ ತಿಮ್ಮಯ್ಯನವರು ಅಧಿಕಾರ ವಹಿಸಿಕೊಂಡರು. ತಿಂಗಳು ತುಂಬುವಷ್ಟರಲ್ಲಿಯೇ ಕೊಕ್ಕಿನಾ ಪ್ರದೇಶದಲ್ಲಿ ಕಾಳಗ ನಡೆದು ತುರ್ಕಿಯ ವಿಮಾನಗಳು ಬಾಂಬು ಸುರಿಸಿದವು. ಬೇರೆ ಬೇರೆ ದೇಶಗಳ ತುಕಡಿಗಳಿಂದ ಕೂಡಿದ ಪಡೆಯನ್ನು ಎರಡು ಸಮುದಾಯಗಳ ನಡುವೆ ನಿಲ್ಲಿಸಿ, ಒಂದು ಗುಂಡು ಹಾರದಂತೆ ನೋಡಿಕೊಳ್ಳುವ ಕೆಲಸ ಅವರದಾಗಿತ್ತು. ಆ ಹುದ್ದೆಯಲ್ಲಿರುವಾಗಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ನಿಧನರಾದರು. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಬೆಂಗಳೂರಿಗೆ ತರಲಾಯಿತು.

ಸ್ಮಾರಕಗಳು

ಸೈಪ್ರಸ್ ಸರ್ಕಾರ 1966ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಅವರ ಹೆಸರನ್ನಿಡಲಾಗಿದೆಯಾದರೂ ಜನಬಳಕೆಯಲ್ಲಿ ಹಳೆಯ ಹೆಸರೇ ಉಳಿದಿದೆ. ಮಡಿಕೇರಿಯಲ್ಲಿ ಅವರ ಪ್ರತಿಮೆಯಿದೆ. ಅವರ ಮನೆ 'ಸನ್ನಿ ಸೈಡ್' ಅನ್ನು ವಸ್ತುಸಂಗ್ರಹಾಲಯವಾಗಿ ಪರಿವರ್ತಿಸಿದ್ದು, ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು 2021ರ ಫೆಬ್ರವರಿ 6ರಂದು ಅದನ್ನು ಉದ್ಘಾಟಿಸಿದರು.